ಆನ್‌ಲೈನ್ ವಾಲೆಟ್ ಸೇವೆ ಕೈಕೊಟ್ಟಾಗ ಕ್ರಿಪ್ಟೊ ಉಳಿಸಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

2018ರ ಏಪ್ರಿಲ್ 24ರಂದು ಮೈಈಥರ್‌ವಾಲೆಟ್ ಎಂಬ ಆನ್‌ಲೈನ್ ವಾಲೆಟ್‌ನ ವಿಳಾಸವನ್ನು ಸರಿಯಾಗಿಯೇ ಟೈಪ್ ಮಾಡಿದ ಕೆಲವರು ಕಳ್ಳರು ಹೂಡಿದ್ದ ನಕಲಿ ತಾಣಕ್ಕೆ ಹೋಗಿ ಸೇರಿದರು. ವಾಲೆಟ್ ಸೇವೆಯ ಸರ್ವರ್‌ಗೆ ಯಾರೂ ನುಗ್ಗಿರಲಿಲ್ಲ. ತಾಣದ ಹೆಸರನ್ನು ಅಂಕಿಗಳ ವಿಳಾಸಕ್ಕೆ ಹೊಂದಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆಗೆ ಹೋಗುವ ದಾರಿಯನ್ನೇ ಸುಮಾರು ಎರಡು ಗಂಟೆಗಳ ಕಾಲ ಬೇರೆಡೆಗೆ ತಿರುಗಿಸಲಾಗಿತ್ತು. ತಾಣ ಅಸಲಿ ಎಂದು ತೋರಿಸುವ ಪ್ರಮಾಣಪತ್ರವನ್ನು ನಂಬಲಾಗದು ಎಂದು ಬ್ರೌಸರ್ ಎಚ್ಚರಿಸಿತ್ತು. ಆ ಎಚ್ಚರಿಕೆಯನ್ನು ದಾಟಿ ಒಳಗೆ ಹೋದವರಲ್ಲಿ ಕೆಲವರು ಒಟ್ಟು ಸುಮಾರು 1.5 ಲಕ್ಷ ಡಾಲರ್ ಬೆಲೆಯ, ಈಥೀರಿಯಂ ಜಾಲದ ನಾಣ್ಯವಾದ ಈಥರ್ ಕಳೆದುಕೊಂಡರು. ಎಚ್ಚರಿಕೆ ಕಂಡು ಅಲ್ಲಿಯೇ ನಿಂತವರ ಹಣ ಇದ್ದಲ್ಲೇ ಇತ್ತು.

ಸೇವೆಯೊಂದು ತೊಂದರೆಗೆ ಸಿಲುಕಿದ ದಿನ ಮಾಡಬೇಕಾದ್ದೇನು, ಯಾವ ಕ್ರಮದಲ್ಲಿ ಮಾಡಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ಈ ಬರಹ ಹಂತ ಹಂತವಾಗಿ ವಿವರಿಸುತ್ತದೆ. ತೊಂದರೆ ಬಂದಾಗ ಓದುವುದಕ್ಕಿಂತ ಈಗಲೇ ಒಮ್ಮೆ ಓದಿಟ್ಟುಕೊಂಡರೆ ಹೆಚ್ಚು ಪ್ರಯೋಜನ, ಏಕೆಂದರೆ ಇದರಲ್ಲಿನ ಕೆಲವು ಕೆಲಸಗಳನ್ನು ಸೇವೆ ಸರಿಯಾಗಿ ನಡೆಯುತ್ತಿರುವಾಗ ಮಾತ್ರ ಮಾಡಲು ಸಾಧ್ಯ.

ಮೊದಲ ಹಂತ: ಕೀಲಿ ಯಾರ ಕೈಯಲ್ಲಿದೆ?

ಮುಂದಿನ ಎಲ್ಲ ನಿರ್ಧಾರಗಳೂ ಈ ಒಂದು ಪ್ರಶ್ನೆಯ ಉತ್ತರವನ್ನು ಅವಲಂಬಿಸಿವೆ. ಖಾತೆ ತೆರೆಯುವಾಗ ನಿಮಗೆ 12 ಅಥವಾ 24 ಇಂಗ್ಲಿಷ್ ಪದಗಳ ಪಟ್ಟಿಯನ್ನು ತೋರಿಸಿ, ಬರೆದಿಟ್ಟುಕೊಳ್ಳಿ ಎಂದು ಹೇಳಿದ್ದರೆ, ಆ ಪದಗಳೇ ನಿಮ್ಮ ಸೀಡ್ ಫ್ರೇಸ್; ಅದರಿಂದಲೇ ನಿಮ್ಮ ಎಲ್ಲ ಪ್ರೈವೇಟ್ ಕೀಗಳು, ಅಂದರೆ ವಹಿವಾಟಿಗೆ ಸಹಿ ಹಾಕುವ ಗುಟ್ಟಿನ ಕೀಲಿಗಳು, ಹುಟ್ಟುತ್ತವೆ. ಇಂಥ ವಾಲೆಟ್‌ನಲ್ಲಿ ಸೇವೆಯ ಪಾತ್ರ ಬಹಳ ಸಣ್ಣದು: ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕಪುಸ್ತಕದಲ್ಲಿರುವ ಲೆಕ್ಕವನ್ನು ಓದಿ ಪರದೆಯ ಮೇಲೆ ತೋರಿಸುವುದು, ನೀವು ಸಹಿ ಮಾಡಿದ ವಹಿವಾಟನ್ನು ಜಾಲಕ್ಕೆ ತಲುಪಿಸುವುದು. ನಾಡಕಚೇರಿಯ ಸರ್ವರ್ ಕೆಟ್ಟ ದಿನ ಪಹಣಿ ಸಿಗದಿರಬಹುದು, ಆದರೆ ಹೊಲ ಎಲ್ಲಿಗೂ ಹೋಗಿರುವುದಿಲ್ಲ. ಅಂತೆಯೇ ಇಲ್ಲಿಯೂ ಸೇವೆ ಪೂರ್ತಿ ಮುಚ್ಚಿಹೋದರೂ ನಾಣ್ಯಗಳು ಬ್ಲಾಕ್‌ಚೈನ್‌ನಲ್ಲಿ ಇದ್ದ ವಿಳಾಸದಲ್ಲೇ ಇರುತ್ತವೆ, ಮತ್ತು ಆ ಪದಗಳನ್ನು ಬಲ್ಲವರು ಬೇರೆ ತಂತ್ರಾಂಶದಿಂದ ಅವುಗಳನ್ನು ತಲುಪಬಹುದು.

ಇಮೇಲ್, ಪಾಸ್‌ವರ್ಡ್, ಪ್ಯಾನ್ ಮತ್ತು ಆಧಾರ್ ಕೊಟ್ಟು ಖಾತೆ ತೆರೆದಿದ್ದು, ಯಾವ ಪದಪಟ್ಟಿಯನ್ನೂ ಕಂಡಿಲ್ಲವಾದರೆ ಕೀಲಿ ಕಂಪನಿಯ ಬಳಿಯೇ ಇದೆ. ಇಲ್ಲಿ ಪರದೆಯ ಮೇಲೆ ಕಾಣುವ ಸಂಖ್ಯೆ ನಾಣ್ಯವಲ್ಲ. ಕಂಪನಿ ನಿಮಗೆ ಕೊಡಬೇಕಾದ ಬಾಕಿಯ ಲೆಕ್ಕ. ಚೀಟಿ ನಡೆಸುವವರ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಬರೆದ ಮೊತ್ತಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಒಂದೇ ಕಂಪನಿ ಎರಡೂ ಬಗೆಯ ಖಾತೆಗಳನ್ನು ಒಂದೇ ಆ್ಯಪ್‌ನಲ್ಲಿ ಕೊಡುವುದೂ ಉಂಟು. ಬ್ಲಾಕ್‌ಚೈನ್.ಕಾಮ್‌ನಲ್ಲಿ ಪ್ರೈವೇಟ್ ಕೀ ವಾಲೆಟ್ ಒಂದು ಕಡೆ, ಕಂಪನಿ ಕಾಪಿಡುವ ಟ್ರೇಡಿಂಗ್ ಖಾತೆ ಇನ್ನೊಂದು ಕಡೆ ಇರುತ್ತದೆ. ಆದ್ದರಿಂದ ಹಣ ಯಾವ ಕಂಪನಿಯಲ್ಲಿದೆ ಎಂದಷ್ಟೇ ತಿಳಿದರೆ ಸಾಲದು, ಆ ಕಂಪನಿಯ ಯಾವ ಖಾತೆಯಲ್ಲಿದೆ ಎಂಬುದನ್ನೂ ತಿಳಿದಿರಬೇಕು.

ಎರಡನೆಯ ಹಂತ: ಲಾಗಿನ್ ಆಗದೆ ಬ್ಲಾಕ್‌ಚೈನ್ ನೋಡಿ

ತಾಣ ತೆರೆಯುತ್ತಿಲ್ಲ, ಬ್ಯಾಲೆನ್ಸ್ ಸೊನ್ನೆ ತೋರಿಸುತ್ತಿದೆ, ಪ್ರಮಾಣಪತ್ರದ ಎಚ್ಚರಿಕೆ ಬರುತ್ತಿದೆ, ಎಂದೂ ಕೇಳದ ಸೀಡ್ ಫ್ರೇಸನ್ನು ಇಂದು ಕೇಳುತ್ತಿದೆ: ಇವುಗಳಲ್ಲಿ ಯಾವುದು ಕಂಡರೂ ಮತ್ತೆ ಮತ್ತೆ ಲಾಗಿನ್ ಆಗಲು ಯತ್ನಿಸಬೇಡಿ. ಲಾಗಿನ್ ಆಗದೆಯೂ ನಿಮ್ಮ ಹಣವನ್ನು ನೋಡಬಹುದು. ಬಿಟ್‌ಕಾಯಿನ್‌ಗೆ ಮೆಂಪೂಲ್.ಸ್ಪೇಸ್, ಈಥೀರಿಯಂಗೆ ಈಥರ್‌ಸ್ಕ್ಯಾನ್ ಮುಂತಾದ ಬ್ಲಾಕ್ ಎಕ್ಸ್‌ಪ್ಲೋರರ್‌ಗಳಿಗೆ ಹೋಗಿ, ನಿಮ್ಮ ವಿಳಾಸವನ್ನು ಹುಡುಕುವ ಚೌಕದಲ್ಲಿ ಹಾಕಿದರೆ ಅದರ ಈಗಿನ ಮೊತ್ತವೂ ಇಲ್ಲಿಯವರೆಗಿನ ವಹಿವಾಟುಗಳೂ ಕಾಣುತ್ತವೆ. ಇದಕ್ಕೆ ಪಾಸ್‌ವರ್ಡ್ ಬೇಡ, ಕೀಲಿ ಬೇಡ, ಸೇವೆಯ ಅನುಮತಿಯೂ ಬೇಡ. ವಿಳಾಸವನ್ನು ಮಾತ್ರ ಮೊದಲೇ ಬರೆದಿಟ್ಟುಕೊಂಡಿರಬೇಕು. ಅದು ಇಲ್ಲದವರು ಹಿಂದೆ ಹಣ ಕಳುಹಿಸಿದ ಎಕ್ಸ್‌ಚೇಂಜ್‌ನ (ಕ್ರಿಪ್ಟೊ ಕೊಳ್ಳುವ ಮಾರುವ ತಾಣದ) ಇಮೇಲ್‌ಗಳಲ್ಲಿ ಹುಡುಕಿದರೆ ವಿಳಾಸವೋ ವಹಿವಾಟಿನ ಗುರುತುಸಂಖ್ಯೆಯೋ ಸಾಮಾನ್ಯವಾಗಿ ಸಿಗುತ್ತದೆ.

ಬಿಟ್‌ಕಾಯಿನ್ ಇಟ್ಟವರು ಒಂದು ಸಂಗತಿಯನ್ನು ನೆನಪಿಡಬೇಕು. ಬಿಟ್‌ಕಾಯಿನ್ ವಾಲೆಟ್ ಪ್ರತಿ ಬಾರಿ ಹೊಸ ವಿಳಾಸ ಕೊಡುತ್ತದೆ. ನೀವು ಖರ್ಚು ಮಾಡಿದಾಗ ಉಳಿದ ಚಿಲ್ಲರೆಯೂ ಇನ್ನೊಂದು ಹೊಸ ವಿಳಾಸಕ್ಕೆ ಹೋಗುತ್ತದೆ. ಆದ್ದರಿಂದ ಹಳೆಯ ಒಂದು ವಿಳಾಸದಲ್ಲಿ ಸೊನ್ನೆ ಕಂಡ ಮಾತ್ರಕ್ಕೆ ಕಳ್ಳತನವಾಗಿದೆ ಎಂದು ತಿಳಿಯಬಾರದು. ಕೊನೆಯ ವಹಿವಾಟನ್ನು ತೆರೆದು, ಹಣ ಹೊರಗೆ ಹೋದ ದಿನ ಮತ್ತು ಸಮಯವನ್ನು ನೋಡಿ. ಅದು ನೀವೇ ಮಾಡಿದ ವಹಿವಾಟಾದರೆ ಚಿಂತೆಯಿಲ್ಲ. ನೀವು ಮಾಡದ ವಹಿವಾಟೊಂದು ಇನ್ನೂ ಬ್ಲಾಕ್‌ಗೆ, ಅಂದರೆ ದೃಢಪಟ್ಟ ವಹಿವಾಟುಗಳ ಕಂತೆಗೆ, ಸೇರದೆ ಕಾಯುತ್ತಿರುವುದು ಕಂಡರೆ, ಮತ್ತು ಕೀಲಿ ನಿಮ್ಮ ಬಳಿಯೂ ಇದ್ದರೆ, ಅದೇ ನಾಣ್ಯಗಳನ್ನು ಹೆಚ್ಚಿನ ಶುಲ್ಕದೊಡನೆ ನಿಮ್ಮ ಬೇರೆ ವಿಳಾಸಕ್ಕೆ ಕಳುಹಿಸಿ ಕಳ್ಳನನ್ನು ಹಿಂದಿಕ್ಕುವ ಅವಕಾಶ ಕೆಲವು ನಿಮಿಷಗಳ ಮಟ್ಟಿಗೆ ಇರುತ್ತದೆ. ಬ್ಲಾಕ್ ಸರಾಸರಿ 10 ನಿಮಿಷಕ್ಕೊಂದು ಬರುವುದರಿಂದ ಹೆಚ್ಚಿನ ಸಮಯ ಸಿಗುತ್ತದೆಂದು ನಂಬಿಕೊಳ್ಳಬಾರದು.

ಮೂರನೆಯ ಹಂತ: ಕೆಟ್ಟಿರುವುದು ಏನು?

ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಹಂತ ಇದೇ ಎಂದು ನಾನು ಭಾವಿಸುತ್ತೇನೆ. ಹೊರಗಿನಿಂದ ನೋಡಿದರೆ ಎಲ್ಲ ತೊಂದರೆಗಳೂ ಒಂದೇ ತೆರನಾಗಿ ಕಾಣುತ್ತವೆ, ಆದರೆ ಒಂದಕ್ಕೆ ಮದ್ದಾಗುವ ಕೆಲಸ ಇನ್ನೊಂದಕ್ಕೆ ವಿಷವಾಗಬಹುದು.

ಸರ್ವರ್ ನಿಂತುಹೋಗಿದ್ದು, ಬ್ಲಾಕ್‌ಚೈನ್‌ನಲ್ಲಿ ಹಣ ಸುರಕ್ಷಿತವಾಗಿದ್ದರೆ, ತುರ್ತಿಲ್ಲದವರು ಕಾಯುವುದೇ ಒಳ್ಳೆಯದು. ಹಣ ಇಂದೇ ಬೇಕಿದ್ದವರು ನಾಲ್ಕನೆಯ ಹಂತದಲ್ಲಿ ಹೇಳಿದಂತೆ ಬೇರೆ ತಂತ್ರಾಂಶದಲ್ಲಿ ವಾಲೆಟ್ಟನ್ನು ಮರಳಿ ತೆರೆಯಬಹುದು.

ತಾಣವನ್ನೋ ಆ್ಯಪನ್ನೋ ಕಳ್ಳರು ವಶಪಡಿಸಿಕೊಂಡ ಅನುಮಾನವಿದ್ದರೆ ಅದನ್ನು ತೆರೆಯಲೇಬೇಡಿ, ಹೊಸ ಆವೃತ್ತಿಗೆ ಅಪ್‌ಡೇಟ್ ಕೂಡ ಮಾಡಬೇಡಿ. ಆ ಹೊತ್ತಿನಲ್ಲಿ ಒಳಗೆ ಹೋಗದವರ ಕೀಲಿಗೆ ಸಾಮಾನ್ಯವಾಗಿ ಅಪಾಯವಿಲ್ಲ. ಆಗಲೇ ಹೋಗಿ ಪಾಸ್‌ವರ್ಡ್ ಅಥವಾ ಪದಗಳನ್ನು ಕೊಟ್ಟುಬಿಟ್ಟಿದ್ದರೆ ಆ ಕೀಲಿ ನಿಮ್ಮದಲ್ಲ ಎಂದೇ ತಿಳಿದು ಕೂಡಲೇ ಐದನೆಯ ಹಂತಕ್ಕೆ ಹೋಗಿ.

ಮೂರನೆಯ ಬಗೆಯದು ಕಣ್ಣಿಗೆ ಕಾಣುವುದಿಲ್ಲ: ತಾಣ ನಡೆಯುತ್ತಿರುತ್ತದೆ, ಬ್ಯಾಲೆನ್ಸ್ ಸರಿಯಾಗಿರುತ್ತದೆ, ಆದರೆ ಕೀಲಿಯೇ ದುರ್ಬಲವಾಗಿರುತ್ತದೆ ಅಥವಾ ಸೋರಿಹೋಗಿರುತ್ತದೆ. 2013ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್‌ನ ಯಾದೃಚ್ಛಿಕ (ಊಹಿಸಲಾಗದ) ಸಂಖ್ಯೆ ಕೊಡುವ ಭಾಗದಲ್ಲಿ ದೋಷವಿರುವುದು ತಿಳಿದಾಗ, ಆ ಫೋನ್‌ಗಳಲ್ಲಿ ಕೀಲಿ ಹುಟ್ಟಿಸಿದ ಹಲವು ಬಿಟ್‌ಕಾಯಿನ್ ವಾಲೆಟ್‌ಗಳ ಬಳಕೆದಾರರು ಹೊಸ ವಿಳಾಸಗಳಿಗೆ ಹಣ ಸಾಗಿಸಬೇಕಾಯಿತು. 2022ರ ಆಗಸ್ಟ್‌ನಲ್ಲಿ ಸೊಲಾನಾ ಎಂಬ ಬ್ಲಾಕ್‌ಚೈನ್‌ನ ಸ್ಲೋಪ್ ವಾಲೆಟ್ ಬಳಸಿದವರ ಸೀಡ್ ಫ್ರೇಸ್‌ಗಳು ದೋಷ ವರದಿಗಾಗಿ ಇಟ್ಟಿದ್ದ ಸರ್ವರ್‌ಗೆ ಗೂಢಲಿಪಿಯಿಲ್ಲದೆ ಹೋಗುತ್ತಿದ್ದವು ಎಂಬುದು ಬೆಳಕಿಗೆ ಬಂತು. 2023ರಲ್ಲಿ ಲಿಬ್‌ಬಿಟ್‌ಕಾಯಿನ್ ಎಂಬ ತಂತ್ರಾಂಶದ ಒಂದು ಆಜ್ಞೆ 128 ಅಥವಾ 256 ಬಿಟ್‌ಗಳ ಬದಲು ಕೇವಲ 32 ಬಿಟ್‌ಗಳ ಯಾದೃಚ್ಛಿಕತೆಯಿಂದ ಸೀಡ್ ಹುಟ್ಟಿಸುತ್ತಿತ್ತು ಎಂದು ಗೊತ್ತಾಯಿತು. ಅಂದರೆ ಒಟ್ಟು ಸುಮಾರು 430 ಕೋಟಿ ಸಾಧ್ಯತೆಗಳು, ಅಷ್ಟನ್ನೂ ಸಾಮಾನ್ಯ ಕಂಪ್ಯೂಟರ್ ಕೆಲವೇ ದಿನಗಳಲ್ಲಿ ಹುಡುಕಿ ಮುಗಿಸಬಲ್ಲದು. ಇಂಥ ಸುದ್ದಿ ಬಂದಾಗ ಅದೇ ಪದಗಳನ್ನು ಬೇರೆ ಆ್ಯಪ್‌ಗೆ ಹಾಕಿ ನೆಮ್ಮದಿಯಾಗಿರುವುದು ಬಹಳ ಜನ ಮಾಡುವ ತಪ್ಪು. ಬೀಗದ ಪೆಟ್ಟಿಗೆ ಬದಲಾಯಿತೇ ಹೊರತು ಕೀಲಿ ಹಳೆಯದೇ ಉಳಿಯಿತು. ಹೊಸ ಸೀಡ್ ಹುಟ್ಟಿಸಿ, ನಾಣ್ಯಗಳನ್ನು ಅದರ ವಿಳಾಸಕ್ಕೆ ಕಳುಹಿಸಲೇಬೇಕು.

ನಾಲ್ಕನೆಯದು, ಕೀಲಿ ಹಿಡಿದ ಕಂಪನಿಯೇ ಹಣ ಹೊರತೆಗೆಯುವುದನ್ನು ನಿಲ್ಲಿಸುವುದು. ಅದಕ್ಕೆ ಆರನೆಯ ಹಂತ.

ನಾಲ್ಕನೆಯ ಹಂತ: ಅದೇ ಸೀಡ್‌ನಿಂದ ಬೇರೆಡೆ ತೆರೆಯುವುದು

ಹೆಚ್ಚಿನ ವಾಲೆಟ್‌ಗಳು ಬಿಐಪಿ-39 ಎಂಬ ಮಾನದಂಡದ 2048 ಪದಗಳ ಪಟ್ಟಿಯನ್ನು ಬಳಸುವುದರಿಂದ, ಒಂದರ ಪದಗಳನ್ನು ಇನ್ನೊಂದು ಅರಿಯುತ್ತದೆ. ಬಿಟ್‌ಕಾಯಿನ್‌ಗೆ ಸ್ಪ್ಯಾರೋ, ಬ್ಲೂವಾಲೆಟ್, ಎಲೆಕ್ಟ್ರಮ್ ಹೆಸರಾಂತ ತಂತ್ರಾಂಶಗಳು. ಎಲೆಕ್ಟ್ರಮ್ ತಾನಾಗಿ ಹುಟ್ಟಿಸುವ ಸೀಡ್ ಬಿಐಪಿ-39ರದ್ದಲ್ಲ. ಅದನ್ನು ಬೇರೆ ಹಲವು ವಾಲೆಟ್‌ಗಳು ತಪ್ಪೆಂದು ತಿರಸ್ಕರಿಸುತ್ತವೆ. ಹೊರಗಿನ ಬಿಐಪಿ-39 ಸೀಡನ್ನು ಎಲೆಕ್ಟ್ರಮ್‌ಗೆ ಕೊಡುವಾಗಲೂ ಆಯ್ಕೆಗಳಲ್ಲಿ ಅದನ್ನು ಗುರುತು ಮಾಡಬೇಕಾಗುತ್ತದೆ.

ತಂತ್ರಾಂಶವನ್ನು ಎಲ್ಲಿಂದ ಇಳಿಸಿಕೊಳ್ಳುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. 2018ರ ಡಿಸೆಂಬರ್‌ನಲ್ಲಿ ಕಳ್ಳರು ಎಲೆಕ್ಟ್ರಮ್ ಜಾಲಕ್ಕೆ ತಮ್ಮದೇ ಸರ್ವರ್‌ಗಳನ್ನು ಸೇರಿಸಿ, ಹಣ ಕಳುಹಿಸಲು ಹೊರಟ ಬಳಕೆದಾರರ ಪರದೆಯ ಮೇಲೆ ಹೊಸ ಆವೃತ್ತಿ ಹಾಕಿಕೊಳ್ಳಿ ಎಂಬ ಸಂದೇಶ ಮೂಡುವಂತೆ ಮಾಡಿದರು. ಸಂದೇಶ ಬಂದದ್ದು ಅಸಲಿ ತಂತ್ರಾಂಶದೊಳಗೇ ಆದ್ದರಿಂದ ಜನ ನಂಬಿದರು. ಅದರಲ್ಲಿನ ಕೊಂಡಿಯಿಂದ ಇಳಿಸಿಕೊಂಡ ನಕಲಿ ಆವೃತ್ತಿ 200ಕ್ಕೂ ಹೆಚ್ಚು ಬಿಟ್‌ಕಾಯಿನ್‌ಗಳನ್ನು ನುಂಗಿತು. ಗೂಗಲ್ ಹುಡುಕಾಟದ ಮೇಲ್ಭಾಗದ ಜಾಹೀರಾತು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಕಡತ, ಪರದೆಯ ಮೇಲೆ ಮೂಡುವ ಕೊಂಡಿ ಇವುಗಳಿಂದ ಎಂದೂ ಇಳಿಸಿಕೊಳ್ಳಬೇಡಿ. ತಯಾರಕರ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ, ಸಾಧ್ಯವಾದರೆ ಕಡತದ ಡಿಜಿಟಲ್ ಸಹಿಯನ್ನು ಪರೀಕ್ಷಿಸಿ. ಸೀಡ್ ಪದಗಳನ್ನು ಜಾಲತಾಣದ ಪುಟದಲ್ಲಿ ಎಂದೂ ಟೈಪ್ ಮಾಡಬಾರದು; ಈ ನಿಯಮಕ್ಕೆ ವಿನಾಯಿತಿಯಿಲ್ಲ.

ಪದಗಳನ್ನು ಸರಿಯಾಗಿ ಹಾಕಿದ ಮೇಲೂ ಬ್ಯಾಲೆನ್ಸ್ ಸೊನ್ನೆ ಬರಬಹುದು. ಆಗ ಹೆದರಬೇಕಿಲ್ಲ. ಒಂದೇ ಸೀಡ್‌ನಿಂದ ಹಲವು ಕವಲುಗಳಲ್ಲಿ ವಿಳಾಸಗಳು ಹುಟ್ಟುತ್ತವೆ. 1ರಿಂದ, 3ರಿಂದ, ಬಿಸಿ1 ಎಂಬ ಅಕ್ಷರಗಳಿಂದ ಶುರುವಾಗುವ ಬಿಟ್‌ಕಾಯಿನ್ ವಿಳಾಸಗಳು ಬೇರೆ ಬೇರೆ ಕವಲಿನವು. ನಿಮ್ಮ ಹಳೆಯ ವಿಳಾಸ ಹೇಗೆ ಶುರುವಾಗುತ್ತಿತ್ತು ಎಂದು ನೋಡಿ ಅದೇ ಬಗೆಯನ್ನು ಆರಿಸಿ. ಸೀಡ್ ಜೊತೆಗೆ ಪ್ರತ್ಯೇಕ ಪಾಸ್‌ಫ್ರೇಸ್ ಇಟ್ಟಿದ್ದವರು ಅದನ್ನೂ ಕೊಡಬೇಕು. ಅದರಲ್ಲಿ ಒಂದಕ್ಷರ ತಪ್ಪಿದರೂ ತಂತ್ರಾಂಶ ತಪ್ಪೆಂದು ಹೇಳುವುದಿಲ್ಲ, ಬೇರೊಂದು ಖಾಲಿ ವಾಲೆಟ್ ತೆರೆದು ತೋರಿಸುತ್ತದೆ.

ಐದನೆಯ ಹಂತ: ಹೊಸ ವಿಳಾಸಕ್ಕೆ ಸಾಗಿಸುವುದು

ಹೊಸ ಸೀಡನ್ನು ಹಾರ್ಡ್‌ವೇರ್ ವಾಲೆಟ್‌ನಲ್ಲಿ, ಅಂದರೆ ಕೀಲಿಯನ್ನು ತನ್ನೊಳಗೇ ಕಾಪಿಡುವ ಪುಟ್ಟ ಸಾಧನದಲ್ಲಿ, ಹುಟ್ಟಿಸುವುದು ಉತ್ತಮ. ಅದು ಇಲ್ಲದಿದ್ದರೆ ತೊಂದರೆಗೆ ಸಂಬಂಧಿಸದ ಬೇರೊಂದು ಫೋನ್ ಅಥವಾ ಕಂಪ್ಯೂಟರ್‌ನಲ್ಲಿ ಹುಟ್ಟಿಸಿ. ಪದಗಳನ್ನು ಕೈಯಲ್ಲೇ ಬರೆಯಿರಿ, ಬರೆದದ್ದನ್ನು ಮತ್ತೆ ಓದಿ ಹೋಲಿಸಿ.

ಸಾಮಾನ್ಯ ಸಂದರ್ಭದಲ್ಲಿ ಮೊದಲು ಸಣ್ಣ ಮೊತ್ತ ಕಳುಹಿಸಿ, ಅದು ತಲುಪಿದ ಮೇಲೆ, ಹೊಸ ಸಾಧನವನ್ನು ಅಳಿಸಿ ಬರೆದಿಟ್ಟ ಪದಗಳಿಂದಲೇ ಮರಳಿ ತೆರೆದು ನೋಡಿ, ಆನಂತರವೇ ದೊಡ್ಡ ಮೊತ್ತ ಕಳುಹಿಸಬೇಕು. ಆದರೆ ಕೀಲಿ ಕಳ್ಳರ ಕೈಸೇರಿದೆ ಎಂದು ಖಚಿತವಾದ ದಿನ ಈ ಕ್ರಮ ಹೊಂದುವುದಿಲ್ಲ. ಅಂದು ಪ್ರತಿ ನಿಮಿಷಕ್ಕೂ ಬೆಲೆಯಿದೆ; ವಿಳಾಸವನ್ನು ಎರಡು ಬಾರಿ ಓದಿ, ಅತಿ ಹೆಚ್ಚು ಬೆಲೆಯ ನಾಣ್ಯವನ್ನು ಮೊದಲು, ಒಳ್ಳೆಯ ಶುಲ್ಕ ಕೊಟ್ಟು ಒಂದೇ ಸಲಕ್ಕೆ ಕಳುಹಿಸಿ. ಈಥೀರಿಯಂನ ಮೇಲಿನ ಯುಎಸ್‌ಡಿಟಿಯಂಥ (ಡಾಲರ್ ಬೆಲೆಗೆ ಹೊಂದಿಸಿದ ನಾಣ್ಯ) ಟೋಕನ್‌ಗಳಿದ್ದರೆ ಅವನ್ನು ಮೊದಲು ಸಾಗಿಸಿ ಈಥರನ್ನು ಕೊನೆಗೆ ಸಾಗಿಸಬೇಕು, ಏಕೆಂದರೆ ಟೋಕನ್ ಕಳುಹಿಸುವ ಶುಲ್ಕವನ್ನೂ ಈಥರ್‌ನಲ್ಲೇ ಕಟ್ಟಬೇಕು. ಟ್ರಾನ್ ಜಾಲದಲ್ಲಾದರೆ ಶುಲ್ಕಕ್ಕೆ ಆ ಜಾಲದ ನಾಣ್ಯವಾದ ಟಿಆರ್‌ಎಕ್ಸ್ ಬೇಕು. ಶುಲ್ಕಕ್ಕೆ ಹಣವಿಲ್ಲದೆ ಟೋಕನ್ ಸಿಕ್ಕಿಹಾಕಿಕೊಳ್ಳುವುದು ತುರ್ತಿನಲ್ಲಿ ಪದೇ ಪದೇ ಆಗುವ ಅನಾಹುತ. ಯುಎಸ್‌ಡಿಟಿಯನ್ನು ಎಕ್ಸ್‌ಚೇಂಜ್‌ಗೆ ಕಳುಹಿಸುವವರು ಎರಡೂ ಕಡೆ ಒಂದೇ ಜಾಲವನ್ನು ಆರಿಸಿದ್ದೀರಾ ಎಂದು ನೋಡಿಕೊಳ್ಳಿ.

ವಿಳಾಸದ ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು ಅಕ್ಷರಗಳನ್ನಷ್ಟೇ ಹೋಲಿಸುವ ರೂಢಿಯನ್ನು ಬಿಡಬೇಕು. ತುದಿಗಳು ಹೊಂದುವಂಥ ವಿಳಾಸ ಹುಟ್ಟಿಸಿ, ಅದರಿಂದ ನಿಮಗೆ ಪುಡಿ ಮೊತ್ತ ಕಳುಹಿಸಿ, ನಿಮ್ಮ ವಹಿವಾಟಿನ ಪಟ್ಟಿಯಲ್ಲಿ ಅದು ಕೂರುವಂತೆ ಮಾಡುವವರಿದ್ದಾರೆ; ಅಲ್ಲಿಂದ ನಕಲು ಮಾಡಿದರೆ ಹಣ ಅವರಿಗೇ ಹೋಗುತ್ತದೆ. ನಡುವಿನ ಅಕ್ಷರಗಳನ್ನೂ ಹಾರ್ಡ್‌ವೇರ್ ವಾಲೆಟ್‌ನ ಪರದೆಯೊಡನೆ ಹೋಲಿಸಿ. ಬಿಟ್‌ಕಾಯಿನ್‌ನಲ್ಲಿ ದೊಡ್ಡ ಮೊತ್ತಕ್ಕೆ 6 ದೃಢೀಕರಣ (ವಹಿವಾಟಿರುವ ಬ್ಲಾಕ್ ಸೇರಿ 6 ಬ್ಲಾಕ್‌ಗಳು), ಅಂದರೆ ಸುಮಾರು ಒಂದು ಗಂಟೆ ಕಾಯುವುದು ರೂಢಿ.

ಆರನೆಯ ಹಂತ: ಎಕ್ಸ್‌ಚೇಂಜ್ ಬಾಗಿಲು ಮುಚ್ಚಿದಾಗ

ಟೋಕಿಯೊದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ 2014ರ ಫೆಬ್ರವರಿ 7ರಂದು ಬಿಟ್‌ಕಾಯಿನ್ ಹೊರಹೋಗುವುದನ್ನು ನಿಲ್ಲಿಸಿತು, 28ರಂದು ದಿವಾಳಿ ರಕ್ಷಣೆ ಕೋರಿತು. ಗ್ರಾಹಕರಿಗೆ ಬಿಟ್‌ಕಾಯಿನ್ ರೂಪದಲ್ಲಿ ಮರುಪಾವತಿ ಶುರುವಾದದ್ದು 2024ರ ಜುಲೈನಲ್ಲಿ. ಅದೇ ತಿಂಗಳ 18ರಂದು ಭಾರತದ ವಝೀರ್‌ಎಕ್ಸ್‌ನ ಬಹುಸಹಿ ವಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳು ಕಳುವಾದವು. ಒಂದಕ್ಕಿಂತ ಹೆಚ್ಚು ಜನ ಸಹಿ ಮಾಡಿದರಷ್ಟೇ ಹಣ ಕದಲುವ ವ್ಯವಸ್ಥೆ ಅಲ್ಲಿದ್ದರೂ ಕಳ್ಳತನ ತಪ್ಪಲಿಲ್ಲ. ಗ್ರಾಹಕರು ಸಿಂಗಪುರದ ನ್ಯಾಯಾಲಯದ ಪ್ರಕ್ರಿಯೆ ಮುಗಿಯುವವರೆಗೆ, 2025ರ ಅಕ್ಟೋಬರ್‌ವರೆಗೆ, ಕಾಯಬೇಕಾಯಿತು.

ಹೊರಹರಿವು ಇನ್ನೂ ತೆರೆದಿದ್ದು ಅನುಮಾನ ಶುರುವಾಗಿದ್ದರೆ, ಮಾರುವ ಗೋಜಿಗೆ ಹೋಗದೆ ನಾಣ್ಯವನ್ನೇ ನಿಮ್ಮ ಸ್ವಂತ ವಾಲೆಟ್‌ಗೆ ಕಳುಹಿಸಿ. ಕೆಲವು ಎಕ್ಸ್‌ಚೇಂಜ್‌ಗಳು ನಾಣ್ಯ ಹೊರತೆಗೆಯಲು ಬಿಡುವುದೇ ಇಲ್ಲ. ಅಂಥಲ್ಲಿ ಮಾರಿ ರೂಪಾಯಿಯನ್ನು ಬ್ಯಾಂಕಿಗೆ ತರಿಸಿಕೊಳ್ಳುವುದೊಂದೇ ದಾರಿ. ಬಾಗಿಲು ಮುಚ್ಚಿದ್ದರೆ ಮೊದಲು ಪುರಾವೆ ಕೂಡಿಸಿ: ಪ್ರತಿ ನಾಣ್ಯದ ಬ್ಯಾಲೆನ್ಸ್ ಕಾಣುವ, ದಿನಾಂಕವಿರುವ ಚಿತ್ರಗಳು, ಇಡೀ ವಹಿವಾಟಿನ ಕಡತ, ಬ್ಯಾಂಕಿನಿಂದ ಹಣ ಹೋದ ದಾಖಲೆ, ಕಂಪನಿಯ ಇಮೇಲ್‌ಗಳು. ಆ ದಿನದ ಬ್ಯಾಲೆನ್ಸ್ ಏಕೆ ಮುಖ್ಯವೆಂದರೆ, 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ಎಕ್ಸ್‌ಚೇಂಜ್ ದಿವಾಳಿಯಾದಾಗ ಗ್ರಾಹಕರ ಹಕ್ಕನ್ನು ಅರ್ಜಿ ಸಲ್ಲಿಸಿದ ದಿನದ ಬೆಲೆಗೇ ಲೆಕ್ಕ ಹಾಕಲಾಯಿತು. ಆ ದಿನ ಬಿಟ್‌ಕಾಯಿನ್ ಬೆಲೆ 17,000 ಡಾಲರ್‌ಗೂ ಕಡಿಮೆಯಿತ್ತು. ಆಮೇಲಿನ ಏರಿಕೆ ಆ ಲೆಕ್ಕಕ್ಕೆ ಸೇರಲಿಲ್ಲ. ದೂರನ್ನು ಬರಹದಲ್ಲೇ ಸಲ್ಲಿಸಿ, ಹಕ್ಕು ಮಂಡಿಸುವ ಕೊನೆಯ ದಿನಾಂಕವನ್ನು ಗುರುತಿಟ್ಟುಕೊಳ್ಳಿ. ಖಾತೆ ಬಿಡಿಸಲು ಇನ್ನಷ್ಟು ಹಣ ಕಟ್ಟಿ ಎಂದು ಯಾರು ಹೇಳಿದರೂ ಕಟ್ಟಬೇಡಿ.

ಏಳನೆಯ ಹಂತ: ತೆರಿಗೆ ಮತ್ತು ದೂರು

ಭಾರತದಲ್ಲಿ ಕ್ರಿಪ್ಟೊ ಲಾಭಕ್ಕೆ 2022ರ ಏಪ್ರಿಲ್ 1ರಿಂದ 30% ತೆರಿಗೆಯಿದೆ, 2022ರ ಜುಲೈ 1ರಿಂದ ವಹಿವಾಟಿನ ಮೇಲೆ 1% ಟಿಡಿಎಸ್ ಇದೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬರುವುದಿಲ್ಲ. ಆದ್ದರಿಂದ ಗಾಬರಿಯಲ್ಲಿ ಬಿಟ್‌ಕಾಯಿನ್ ಕೊಟ್ಟು ಯುಎಸ್‌ಡಿಟಿ ಕೊಂಡರೂ ಅದು ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಸ್ವಂತ ವಾಲೆಟ್‌ನಿಂದ ಸ್ವಂತ ವಾಲೆಟ್‌ಗೆ ಸಾಗಿಸುವುದು ಮಾರಾಟವಲ್ಲ, ಆದರೆ ಎರಡೂ ನಿಮ್ಮವೇ ಎಂದು ತೋರಿಸಲು ವಹಿವಾಟಿನ ಗುರುತುಸಂಖ್ಯೆ ಮತ್ತು ದಿನಾಂಕ ಬೇಕು.

ಕಳ್ಳತನವಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಕರ್ನಾಟಕದಲ್ಲಿರುವವರು ತಮ್ಮ ಜಿಲ್ಲೆಯ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗೂ ಹೋಗಬಹುದು. ಕಳ್ಳನ ವಿಳಾಸ, ವಹಿವಾಟಿನ ಗುರುತುಸಂಖ್ಯೆ, ಸಮಯ ಈ ಮೂರನ್ನು ಮುದ್ರಿಸಿ ಒಯ್ಯಿರಿ. ಕದ್ದ ನಾಣ್ಯ ಯಾವುದಾದರೂ ಎಕ್ಸ್‌ಚೇಂಜ್ ತಲುಪಿದ್ದು ಕಂಡರೆ ಆ ಎಕ್ಸ್‌ಚೇಂಜ್‌ಗೂ ಕೂಡಲೇ ಬರೆಯಿರಿ. ಹೆಚ್ಚಾಗಿ ತಡೆಹಿಡಿಯಲು ಸಾಧ್ಯವಾಗುವುದು ಅಲ್ಲಿಯೇ.

ಸೇವೆಯೊಂದು ಕೆಟ್ಟ ಸುದ್ದಿ ಹರಡಿದ ಗಂಟೆಯೊಳಗೆ ಟೆಲಿಗ್ರಾಮ್‌ನಲ್ಲಿ, ಎಕ್ಸ್‌ನಲ್ಲಿ ಗ್ರಾಹಕ ಸಹಾಯದ ಹೆಸರಿನ ಖಾತೆಗಳು ಹುಟ್ಟಿಕೊಳ್ಳುತ್ತವೆ. 2020ರಲ್ಲಿ ಹಾರ್ಡ್‌ವೇರ್ ವಾಲೆಟ್ ತಯಾರಿಸುವ ಲೆಡ್ಜರ್ ಕಂಪನಿಯ ಗ್ರಾಹಕರ ವಿವರಗಳು ಸೋರಿದ ಮೇಲೆ ಕೆಲವರ ಮನೆಗೆ ಅಂಚೆಯಲ್ಲೇ ನಕಲಿ ಸಾಧನಗಳು ಬಂದವು, 24 ಪದಗಳನ್ನು ಹಾಕಿ ಎಂಬ ಸೂಚನೆಯೊಡನೆ. ಹೋದ ಹಣವನ್ನು ಮರಳಿ ತಂದುಕೊಡುತ್ತೇವೆ ಎನ್ನುವವರು ಮುಂಗಡ ಕೇಳುತ್ತಾರೆ. ಈಗಾಗಲೇ ನೊಂದವರನ್ನು ಎರಡನೆಯ ಬಾರಿ ದೋಚುವ ಇಂಥವರ ಬಗ್ಗೆ ನನಗೆ ಅತ್ಯಂತ ಹೆಚ್ಚಿನ ಸಿಟ್ಟಿದೆ. ಬ್ಲಾಕ್‌ಚೈನ್‌ನಲ್ಲಿ ದೃಢಪಟ್ಟ ವಹಿವಾಟನ್ನು ಹಿಂದಿರುಗಿಸುವ ಗುಂಡಿ ಯಾರ ಬಳಿಯೂ ಇಲ್ಲ.

ಒಳ್ಳೆಯ ದಿನಗಳಲ್ಲಿ ಮಾಡಿಡಬೇಕಾದ್ದು

ಎಕ್ಸ್‌ಚೇಂಜ್‌ನಲ್ಲಿ ಈ ವಾರ ಕೊಳ್ಳಲು ಮಾರಲು ಬೇಕಾದಷ್ಟನ್ನೇ ಇಟ್ಟು, ಉಳಿದದ್ದನ್ನು ಸ್ವಂತ ಕೀಲಿಯ ವಾಲೆಟ್‌ಗೆ ತನ್ನಿ. ಲಾಗಿನ್‌ಗೆ ಎಸ್‌ಎಂಎಸ್ ಒಟಿಪಿ ಬದಲು ಅಥೆಂಟಿಕೇಟರ್ ಆ್ಯಪ್ ಬಳಸಿ, ಅದರ ಬ್ಯಾಕಪ್ ಕೋಡ್ ಬರೆದಿಡಿ.

ಸೀಡ್ ಪದಗಳ ಫೋಟೊ ತೆಗೆಯಬೇಡಿ. ಅದು ತಾನಾಗಿ ಗೂಗಲ್ ಫೋಟೋಸ್‌ಗೆ ಹೋಗಿ ಕೂರುತ್ತದೆ. ಎರಡು ಪ್ರತಿ ಬರೆದು ಎರಡು ಬೇರೆ ಮನೆಗಳಲ್ಲಿಡಿ. ಪಟ್ಟಿಯನ್ನು ಅರ್ಧರ್ಧ ಮಾಡಿ ಹಂಚಿಡುವುದು ಜಾಣತನದಂತೆ ಕಂಡರೂ, ಯಾವ ಅರ್ಧ ಕಳೆದರೂ ಪೂರ್ತಿ ಕಳೆದಂತೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ತೇವ ಮತ್ತು ಗೆದ್ದಲಿನ ಮುಂದೆ ಕಾಗದ ನಿಲ್ಲುವುದಿಲ್ಲ. ಸ್ಟೀಲ್ ತಗಡಿನ ಮೇಲೆ ಕೊರೆದಿಡುವುದು ಒಳ್ಳೆಯದು. ಬಿಐಪಿ-39ರ ಪ್ರತಿ ಪದವನ್ನೂ ಮೊದಲ ನಾಲ್ಕು ಅಕ್ಷರಗಳಿಂದಲೇ ಗುರುತಿಸಬಹುದಾದ್ದರಿಂದ ಅಷ್ಟು ಕೊರೆದರೆ ಸಾಕು. ಮನೆಯಲ್ಲಿ ಒಬ್ಬರಿಗಾದರೂ ಅದು ಎಲ್ಲಿದೆ, ಯಾವ ತಂತ್ರಾಂಶದಲ್ಲಿ ತೆರೆಯಬೇಕು ಎಂಬುದು ಗೊತ್ತಿರಲಿ.

ಆರು ತಿಂಗಳಿಗೊಮ್ಮೆ ಒಂದು ತಾಲೀಮು ಮಾಡಿ. ನಿಮ್ಮ ಸೇವೆ ಇಂದು ಇಲ್ಲವೆಂದೇ ಭಾವಿಸಿ, ಬರೆದಿಟ್ಟ ಪದಗಳನ್ನು ತೆಗೆದು, ಇನ್ನೊಂದು ಹಾರ್ಡ್‌ವೇರ್ ವಾಲೆಟ್‌ನಲ್ಲೋ, ಎಲ್ಲವನ್ನೂ ಅಳಿಸಿ ಇಂಟರ್ನೆಟ್‌ನಿಂದ ದೂರವಿಟ್ಟ ಹಳೆಯ ಫೋನಿನಲ್ಲೋ ವಾಲೆಟ್ಟನ್ನು ತೆರೆಯಿರಿ. ಅಲ್ಲಿ ಕಾಣುವ ಮೊದಲ ವಿಳಾಸ ನೀವು ಬರೆದಿಟ್ಟ ವಿಳಾಸಕ್ಕೆ ಅಕ್ಷರ ಅಕ್ಷರವೂ ಹೊಂದಿದರೆ ಪದಗಳು ಸರಿಯಾಗಿವೆ. ಹೊಂದದಿದ್ದರೆ ಸೇವೆ ಇನ್ನೂ ನಡೆಯುತ್ತಿರುವಾಗಲೇ ಹೊಸ ವಾಲೆಟ್ ಮಾಡಿ ಹಣವನ್ನು ಅಲ್ಲಿಗೆ ಸಾಗಿಸಿ, ನೋಡಿದ ಮೇಲೆ ಆ ಸಾಧನವನ್ನು ಮತ್ತೆ ಅಳಿಸಿ.